ದೂರ ಸಾಗಿದವರಿಗೆ ಸಲ್ಲುವ ಮನ್ನಣೆ

ಯುಗಾದಿಗೆ ಇನ್ನೂ ಎರಡು ಮೂರು ವಾರಗಳಿರುವಾಗಲೇ ನಮ್ಮ ಆದೋನಿ, ಎಮ್ಮಿಗನೂರು, ಮಂತ್ರಾಲಯ ಸೀಮೆಯ ರಸ್ತೆಗಳ ಚಹರೆ ಬದಲಾಗುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಗಳಿಂದ ಹೊರಟ ಶ್ರೀಶೈಲದ ಪಾದಯಾತ್ರಿಗಳು ತಂಡ ತಂಡವಾಗಿ ಬರತೊಡಗುತ್ತಾರೆ. ಕೆಲವರ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಕೆಲವರ ತಲೆಯ ಮೇಲೆ ಬುತ್ತಿಯ ಗಂಟು. ಹರಕೆ ಹೊತ್ತ ಒಬ್ಬಿಬ್ಬರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು ಎಂಬ ನಂಬಿಕೆಯಿಂದ ಆಕೆಗೆ ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮಗಳನ್ನು ಒಯ್ಯುತ್ತಾರೆ. ಕರ್ನೂಲು, ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲ ಅಡವಿ ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನುಗಳ ಏರಿಳಿತ ಮುಗಿಸಿ ಕೈಲಾಸದ್ವಾರ ಸೇರುವ ಹೊತ್ತಿಗೆ ಅವರ ಅಂಗಾಲಿನಲ್ಲಿ ಬೊಬ್ಬೆಗಳೆದ್ದಿರುತ್ತವೆ. ದಾರಿಯ ಊರಿನವರು ಅವರಿಗೆ ಮಜ್ಜಿಗೆ ಕೊಡುತ್ತಾರೆ, ಅನ್ನ ಬಡಿಸುತ್ತಾರೆ, ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಯಾರೂ ಹೆಸರು ಕೇಳುವುದಿಲ್ಲ. ಎಷ್ಟು ಹರದಾರಿ ನಡೆದಿರಿ ಎಂದು ಬರೆದಿಟ್ಟುಕೊಳ್ಳುವುದಿಲ್ಲ. ನಡೆದವರಿಗೆ ಪ್ರಶಸ್ತಿಪತ್ರವಿಲ್ಲ, ಪದಕವಿಲ್ಲ.

ಇತ್ತ ನಾವು, ಸಂಘ ಕಟ್ಟಿಕೊಂಡವರು, ಪ್ರತಿವರ್ಷ ಸಮ್ಮೇಳನ ಹತ್ತಿರವಾದಂತೆ ಒಂದು ಪಟ್ಟಿ ಮಾಡಲು ಕೂರುತ್ತೇವೆ. ಯಾರಿಗೆ ಶಾಲು, ಯಾರಿಗೆ ಹಾರ, ಯಾರಿಗೆ ಸ್ಮರಣಿಕೆ? ಆ ಪಟ್ಟಿಯಲ್ಲಿ ದೂರ ಹೋದವರ ಹೆಸರುಗಳು ತಾವಾಗಿಯೇ ಮೇಲೆ ಬರುತ್ತವೆ. ಹೊರದೇಶಕ್ಕೆ ಹೋದವರು, ಹಿಮಾಲಯ ಹತ್ತಿದವರು, ಬೈಕಿನಲ್ಲಿ ದೇಶ ಸುತ್ತಿದವರು. ಅವರನ್ನು ಗೌರವಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ದೂರಕ್ಕೂ ಗೌರವಕ್ಕೂ ಇರುವ ನಂಟು ಯಾವುದು, ಪಯಣವೊಂದರಲ್ಲಿ ನಾವು ಗೌರವಿಸುವುದು ನಿಜವಾಗಿ ಏನನ್ನು ಎಂಬುದನ್ನು ಒಮ್ಮೆ ನಿಂತು ವಿಚಾರಿಸಿಕೊಳ್ಳದೆ ಹಾರ ಹಾಕುವುದು ವಿವೇಕವಲ್ಲವೆಂದು ನಮಗೆ ತೋರುತ್ತದೆ.

ಈ ಪ್ರಶ್ನೆ ಅತ್ಯಂತ ಬಿಚ್ಚಾಗಿ ಕಾಣುವುದು ನಮ್ಮ ಒಣ ಸೀಮೆಯಲ್ಲಲ್ಲ, ಕಡಲಿನ ಮೇಲೆ. ಅಲ್ಲಿ ದಾರಿಯಿಲ್ಲ, ಊರಿಲ್ಲ, ಮಜ್ಜಿಗೆ ಕೊಡುವವರಿಲ್ಲ. ಸ್ವಂತ ದೋಣಿಯಲ್ಲಿ ಮಹಾಸಾಗರ ದಾಟಿದ ಹವ್ಯಾಸಿಗಳನ್ನು ಗುರುತಿಸುವ ಪದ್ಧತಿ ಪಶ್ಚಿಮದಲ್ಲಿ ನೂರು ವರ್ಷದ್ದು. ಅಮೆರಿಕದ ಕ್ರೂಸಿಂಗ್ ಕ್ಲಬ್ 1923ರಲ್ಲಿ ‘ಬ್ಲೂ ವಾಟರ್ ಮೆಡಲ್’ ಎಂಬ ಪದಕವನ್ನು ಆರಂಭಿಸಿ ಮೊದಲ ಬಾರಿಗೆ ಫ್ರಾನ್ಸಿನ ಅಲೈನ್ ಗೆರ್ಬೋ ಅವರಿಗೆ ನೀಡಿತು. 1954ರಲ್ಲಿ ಹುಟ್ಟಿದ ಓಷನ್ ಕ್ರೂಸಿಂಗ್ ಕ್ಲಬ್ಬಿನ ಸದಸ್ಯತ್ವಕ್ಕೆ ಹಣವೊಂದೇ ಸಾಲದು. ಸಣ್ಣ ದೋಣಿಯಲ್ಲಿ ಎಲ್ಲಿಯೂ ನಿಲ್ಲದೆ ಸಾವಿರ ನಾವಿಕ ಮೈಲಿ ಸಾಗಿರಬೇಕು. ನಮ್ಮ ದೇಶದಲ್ಲೂ ತೇನ್‌ಸಿಂಗ್ ನೋರ್ಗೆ ಅವರ ಹೆಸರಿನ ರಾಷ್ಟ್ರೀಯ ಸಾಹಸ ಪ್ರಶಸ್ತಿಯಲ್ಲಿ ನೆಲ, ನೀರು, ಗಾಳಿ ಎಂಬ ವಿಭಾಗಗಳಿವೆ. ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದ ಮೊದಲ ಭಾರತೀಯರಾದರು. ಅಭಿಲಾಷ್ ಟಾಮಿ 2012ರ ನವೆಂಬರಿನಲ್ಲಿ ಮುಂಬಯಿ ಬಿಟ್ಟು, ಯಾವ ಬಂದರನ್ನೂ ಮುಟ್ಟದೆ, 2013ರಲ್ಲಿ ಮರಳಿ ಕೀರ್ತಿಚಕ್ರಕ್ಕೆ ಪಾತ್ರರಾದರು. ಇಬ್ಬರನ್ನೂ ಹೊತ್ತು ಸಾಗಿದ ‘ಮ್ಹಾದೇಯಿ’ ದೋಣಿಯ ಹೆಸರು ನಮಗೆ ಅಪರಿಚಿತವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹದಾಯಿಯ ಹೆಸರು ಅದು.

ಇದೇ ಸಮುದ್ರವನ್ನು ದಾಟಿದ್ದಕ್ಕೆ ನಮ್ಮ ಹಿರಿಯರು ಕೊಡುತ್ತಿದ್ದುದು ಹಾರವಲ್ಲ, ಬಹಿಷ್ಕಾರ ಎಂಬುದನ್ನು ಮರೆಯಲಾಗದು. ಕಲಿಯುಗದಲ್ಲಿ ವರ್ಜ್ಯವಾದವುಗಳ ಪಟ್ಟಿಯಲ್ಲಿ ಸಮುದ್ರಯಾನವೂ ಸೇರಿತ್ತು. 1888ರಲ್ಲಿ ಓದಲೆಂದು ಲಂಡನ್ನಿಗೆ ಹೊರಟ ಗಾಂಧಿಯವರನ್ನು ಅವರ ಜಾತಿಯ ಪಂಚರು ಹೊರಗಿಟ್ಟರು. ಒಂದು ಕಾಲದ ಪಾಪ ಮತ್ತೊಂದು ಕಾಲದ ಪದಕವಾಗುವುದಾದರೆ, ಪಯಣದ ಬೆಲೆ ಪಯಣದಲ್ಲೇ ಇಲ್ಲ, ನೋಡುವ ಸಮಾಜದ ಕಣ್ಣಿನಲ್ಲಿ ಇದೆಯೆಂದು ಕೆಲವರು ವಾದಿಸಬಹುದು. ಆ ವಾದ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಕಣ್ಣು ತಪ್ಪಬಹುದು ಎಂದ ಮಾತ್ರಕ್ಕೆ ನೋಡಬೇಕಾದ ವಸ್ತುವೇ ಇಲ್ಲವೆಂದಾಗುವುದಿಲ್ಲ. ಆದ್ದರಿಂದ ವಸ್ತು ಯಾವುದೆಂದು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಸಾಧನದ ಪ್ರಶ್ನೆ. ಕಡಲಿಗರಲ್ಲಿ ಹಾಯಿಯವರಿಗೂ ಯಂತ್ರದವರಿಗೂ ಹಳೆಯ ಜಗಳವೊಂದಿದೆ. ಗಾಳಿಯನ್ನು ನಂಬಿ ಸಾಗಿದವನು ಸಾಹಸಿ. ಎಂಜಿನ್ ಹಚ್ಚಿ ಸಾಗಿದವನದ್ದೇನು ಹೆಚ್ಚುಗಾರಿಕೆ, ದೂಡಿದ್ದು ಡೀಸೆಲ್ ತಾನೆ ಎಂಬ ತಾತ್ಸಾರ ಹಾಯಿಯವರದು. ಇದರ ಪ್ರತಿಧ್ವನಿ ನಮ್ಮಲ್ಲಿಯೂ ಉಂಟು. ನಡೆದು ಬಂದವನ ದರ್ಶನವೇ ದರ್ಶನ, ಕಾರಿನಲ್ಲಿ ಬಂದವನದು ಬರಿಯ ಪ್ರವಾಸ ಎಂದು ಪಾದಯಾತ್ರಿಗಳು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ.

ಆದರೆ ಯಂತ್ರದ ದೋಣಿಯಲ್ಲಿ ಸಾಗರ ದಾಟುವವನ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ತಾತ್ಸಾರ ನಿಲ್ಲುವುದಿಲ್ಲ. ಅಮೆರಿಕದ ನೌಕಾಪಡೆಯಲ್ಲಿದ್ದ ರಾಬರ್ಟ್ ಬೀಬೆ ಎಂಬವರು 1960ರ ದಶಕದ ಮೊದಲಲ್ಲಿ ‘ಪ್ಯಾಸೇಜ್‌ಮೇಕರ್’ ಎಂಬ ಸಣ್ಣ ಯಂತ್ರದೋಣಿಯನ್ನು ಸಿಂಗಾಪುರದಲ್ಲಿ ಕಟ್ಟಿಸಿ ಹಿಂದೂ ಮಹಾಸಾಗರವನ್ನು ದಾಟಿದರು. ತಮ್ಮ ಅನುಭವವನ್ನು 1975ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಅವರು ಎತ್ತಿ ತೋರಿದ ಮುಖ್ಯ ಸಂಗತಿ ವೇಗವಲ್ಲ, ಸಂಯಮ. ದೋಣಿಯ ವೇಗ ಹೆಚ್ಚಿದಂತೆ ನೀರಿನ ತಡೆ ಅದಕ್ಕಿಂತ ಬಹುಪಾಲು ಹೆಚ್ಚುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಂಟೆಗೆ ಬೇಕಾಗುವ ಇಂಧನ ಸ್ಥೂಲವಾಗಿ ಎಂಟನೆಯ ಒಂದು ಪಾಲಿಗೆ, ಮೈಲಿಗೆ ಬೇಕಾಗುವುದು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಸಾಗರ ದಾಟಬೇಕಾದ ಯಂತ್ರದೋಣಿ ಓಡುವುದಿಲ್ಲ, ಎತ್ತಿನ ಗಾಡಿಯಂತೆ ತೆವಳುತ್ತದೆ. ನಡುಗಡಲಿನಲ್ಲಿ ಎಂಜಿನ್ ನಿಂತರೆ ಎತ್ತಿ ಕಟ್ಟಲು ಹಾಯಿಯಿಲ್ಲ. ಹೊರಡುವ ಮುನ್ನವೇ ಪ್ರತಿಯೊಂದು ನಳಿಕೆ, ಸೋಸಕ, ಪಟ್ಟಿಯ ಯೋಗಕ್ಷೇಮ ವಿಚಾರಿಸಿರಬೇಕು, ಎಣ್ಣೆಯಲ್ಲಿ ನೀರಿನ ಹನಿ ಬೆರೆಯದಂತೆ ಕಾಯ್ದಿರಬೇಕು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ತೋಳಿನ ಬಲವಲ್ಲ, ಮುಂದಾಲೋಚನೆ. ಧೈರ್ಯಕ್ಕಿಂತ ಹೆಚ್ಚಾಗಿ, ಯಾರೂ ನೋಡದಿರುವಾಗ ಮಾಡಿದ ಕೆಲಸ.

ಆದುದರಿಂದ ಸಾಧನ ಯಾವುದೆಂಬುದು ಮುಖ್ಯವಲ್ಲ, ಸಾಧನಕ್ಕೂ ವ್ಯಕ್ತಿಗೂ ಇರುವ ಸಂಬಂಧ ಮುಖ್ಯ. ಸಂಬಳದ ನಾವಿಕರನ್ನಿಟ್ಟು, ತಾನು ಮೇಲಿನ ಕೋಣೆಯಲ್ಲಿ ನಿದ್ರಿಸಿ ಸಾಗರ ದಾಟಿದ ಒಡೆಯನಿಗೆ ದೋಣಿಯ ಒಡೆತನವಿದೆ, ಪಯಣದ ಒಡೆತನವಿಲ್ಲ. ರಾತ್ರಿಯ ಎರಡನೆಯ ಜಾವದಲ್ಲಿ ತಾನೇ ಚುಕ್ಕಾಣಿಯ ಬಳಿ ಎಚ್ಚರವಿದ್ದವನಿಗೆ ಎರಡೂ ಉಂಟು. ಮನ್ನಣೆಯು ಒಡೆತನಕ್ಕೆ ಸಲ್ಲಬಾರದು, ಹೊಣೆಗೆ ಸಲ್ಲಬೇಕು. ಇಂಧನ ಸುಟ್ಟು ವಿಹಾರಕ್ಕೆ ಹೋದವನನ್ನು ಈ ಬಿಸಿಯೇರುತ್ತಿರುವ ಭೂಮಿಯ ಮೇಲೆ ಮೆಚ್ಚಬೇಕೇ ಎಂಬ ಆಕ್ಷೇಪವನ್ನೂ ನಾವು ತಳ್ಳಿಹಾಕುವುದಿಲ್ಲ. ಗುಣವೊಂದನ್ನು ಮೆಚ್ಚುವಾಗ ಅದಕ್ಕೆ ತೆತ್ತ ಬೆಲೆಯನ್ನೂ, ಆ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೂಡಿಯೇ ಹೇಳುವುದು ಪ್ರಾಮಾಣಿಕತೆ.

ಎರಡನೆಯದು ಅಳತೆಯ ಪ್ರಶ್ನೆ. ದೂರವನ್ನು ಅಳೆಯುವುದು ಸುಲಭ. ಅದಕ್ಕಾಗಿಯೇ ನಾವು ದೂರವನ್ನು ಗೌರವಿಸುತ್ತೇವೆ. ಆದರೆ ತುಂಗಭದ್ರೆಯ ದಡದಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಮಂತ್ರಾಲಯ, ಕೌತಾಳಂ ಕಡೆಯ ಹಳ್ಳಿಗಳಿಗೂ ಆಚೆ ದಡದ ರಾಯಚೂರು ಜಿಲ್ಲೆಯ ಹಳ್ಳಿಗಳಿಗೂ ನಡುವೆ ಜನರನ್ನು ದಾಟಿಸುವ ಹರಿಗೋಲಿನವನೊಬ್ಬನಿದ್ದಾನೆ. ನದಿಯ ಅಗಲ ಅರ್ಧ ಕಿಲೋಮೀಟರು; ದಿನಕ್ಕೆ ಹತ್ತು ಬಾರಿ ದಾಟುತ್ತಾನೆ; ವರ್ಷದಲ್ಲಿ ಇನ್ನೂರು ದಿನ ನೀರು ಇರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸಾವಿರ ಕಿಲೋಮೀಟರು. ನಲವತ್ತು ವರ್ಷಗಳ ದುಡಿಮೆಯಲ್ಲಿ 40,000 ಕಿಲೋಮೀಟರು. ಭೂಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರು. ಬಿದಿರಿನ ಬುಟ್ಟಿಯಂಥ ದೋಣಿಯಲ್ಲಿ, ಕೈಯ ಹುಟ್ಟಿನಿಂದ, ಆತ ಭೂಮಿಯನ್ನು ಒಂದು ಸುತ್ತು ಹಾಕಿದ್ದಾನೆ. ಆದರೆ ಒಂದು ದಿನವೂ ತನ್ನ ಊರಿನ ಕಣ್ಣಳತೆಯನ್ನು ದಾಟಿಲ್ಲ. ಆತನ ಹೆಸರನ್ನು ಯಾವ ಸಂಘವೂ ಬರೆದಿಡುವುದಿಲ್ಲ. ನೇರವಾಗಿ ಹೋದ ಮೈಲಿಯನ್ನು ಎಣಿಸುವ ನಾವು ಹಿಂದೆ ಮುಂದೆ ಹೋದ ಮೈಲಿಯನ್ನು ಏಕೆ ಎಣಿಸುವುದಿಲ್ಲ? ಮೊದಲನೆಯದರಲ್ಲಿ ಕತೆಯಿದೆ, ಎರಡನೆಯದರಲ್ಲಿ ಇರುವುದು ದಿನಚರಿ. ನಮ್ಮ ಮನ್ನಣೆ ಎಷ್ಟೋ ಬಾರಿ ಗುಣಕ್ಕಲ್ಲ, ಕತೆಗೆ ಸಲ್ಲುತ್ತದೆ.

ಮೂರನೆಯದು ಮನ್ನಣೆಯ ಆಸೆಯ ಪ್ರಶ್ನೆ. 1968ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುವ ‘ಗೋಲ್ಡನ್ ಗ್ಲೋಬ್’ ಪಂದ್ಯವನ್ನು ಸಾರಿತು. ಒಂಬತ್ತು ಮಂದಿ ಹೊರಟರು, ಮುಗಿಸಿದವರು ಒಬ್ಬರೇ. ಅವರಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಎಂಬಾತ ತನ್ನ ದೋಣಿ ದಕ್ಷಿಣ ಸಾಗರವನ್ನು ತಾಳದೆಂದು ಅರಿತ. ಆದರೂ ಸೋಲೊಪ್ಪಿ ಮರಳುವ ಧೈರ್ಯ ಸಾಲದೆ ಅಟ್ಲಾಂಟಿಕ್‌ನಲ್ಲೇ ಅಲೆಯುತ್ತ, ಭೂಮಿಯನ್ನು ಸುತ್ತುತ್ತಿರುವಂತೆ ಸುಳ್ಳು ನೆಲೆಗಳನ್ನು ವರದಿ ಮಾಡಿದ. 1969ರ ಜುಲೈನಲ್ಲಿ ಆತನ ದೋಣಿ ಬರಿದಾಗಿ ತೇಲುತ್ತಿರುವುದು ಕಂಡಿತು. ಆತ ಮತ್ತೆ ಸಿಗಲಿಲ್ಲ. ಇನ್ನೊಬ್ಬ ಬರ್ನಾರ್ ಮ್ವಾತೆಸಿಯೇ. ಆತ ಗೆಲ್ಲುವ ಸ್ಥಿತಿಯಲ್ಲಿದ್ದಾಗಲೇ ಪಂದ್ಯವನ್ನು ಬಿಟ್ಟು, ಯುರೋಪಿನತ್ತ ತಿರುಗದೆ ತಾಹಿತಿ ದ್ವೀಪಕ್ಕೆ ಸಾಗಿದ. ಮೊದಲನೆಯವನಿಗೆ ಪಯಣಕ್ಕಿಂತ ಮನ್ನಣೆ ದೊಡ್ಡದಾಯಿತು, ಎರಡನೆಯವನಿಗೆ ಮನ್ನಣೆಯೇ ಪಯಣಕ್ಕೆ ಅಡ್ಡಿಯಾಗಿ ಕಂಡಿತು. ಪಂದ್ಯ ಮುಗಿಸಿದ ರಾಬಿನ್ ನಾಕ್ಸ್ ಜಾನ್‌ಸ್ಟನ್, ನಮ್ಮ ಮುಂಬಯಿಯಲ್ಲಿ ಕಟ್ಟಿದ ತೇಗದ ‘ಸುಹೈಲಿ’ ದೋಣಿಯಲ್ಲಿ 312 ದಿನ ಸಾಗಿ ಬಂದವರು. ತಮಗೆ ಸಂದ 5,000 ಪೌಂಡಿನ ಬಹುಮಾನವನ್ನು ಅವರು ಕ್ರೋಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟರು.

ಈ ಮೂವರ ಕತೆಯಲ್ಲಿ ನಮ್ಮಂಥ ಹಾರ ಹಾಕುವವರಿಗೊಂದು ಎಚ್ಚರಿಕೆಯಿದೆ. ಮನ್ನಣೆ ಎಂಬುದು ಮುಗಿದ ಕಾರ್ಯಕ್ಕೆ ಕೊನೆಯಲ್ಲಿ ಅಂಟಿಸುವ ಚೀಟಿಯಲ್ಲ. ಅದು ಕಾರ್ಯದ ಒಳಹೊಕ್ಕು ಅದನ್ನು ಬದಲಿಸುತ್ತದೆ. ಸೋತು ಮರಳಿದವನನ್ನು ಬರಮಾಡಿಕೊಳ್ಳುವ ದೊಡ್ಡತನ ಆ ಸಮಾಜಕ್ಕಿದೆಯೆಂಬ ನಂಬಿಕೆ ಕ್ರೋಹರ್ಸ್ಟನಿಗೆ ಇದ್ದಿದ್ದರೆ ಆತ ಸುಳ್ಳು ಹೇಳಬೇಕಾಗಿರಲಿಲ್ಲವೇನೋ. ನಮ್ಮ ಪಾದಯಾತ್ರಿಗಳಲ್ಲಿ ನಡುದಾರಿಯಲ್ಲೇ ಕಾಲು ಬಾತು ಬಸ್ಸು ಹತ್ತಿದವನನ್ನು ಯಾರೂ ಹಂಗಿಸುವುದಿಲ್ಲ, ‘ಮಲ್ಲಯ್ಯ ಅಷ್ಟೇ ನಡೆಸಿದ’ ಎನ್ನುತ್ತಾರೆ. ಪ್ರಶಸ್ತಿಯಿಲ್ಲದ ಪಯಣದಲ್ಲಿ ಸುಳ್ಳಿಗೆ ಕಾರಣವೂ ಇರುವುದಿಲ್ಲ.

ನಾಲ್ಕನೆಯದು ನೆರವಿನ ಪ್ರಶ್ನೆ. ಅಭಿಲಾಷ್ ಟಾಮಿ 2018ರಲ್ಲಿ ಅದೇ ಹೆಸರಿನ ಮತ್ತೊಂದು ಪಂದ್ಯದಲ್ಲಿದ್ದಾಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ, ಕೂವೆ ಮುರಿದು, ಬೆನ್ನು ಮುರಿದುಕೊಂಡು ಅಲುಗಾಡಲಾರದೆ ಮಲಗಿದರು. ಅವರನ್ನು ಕಾಪಾಡಿದ್ದು ‘ಓಸಿರಿಸ್’ ಎಂಬ ಫ್ರಾನ್ಸಿನ ಗಸ್ತು ಹಡಗು. ಅದೇ ಬಿರುಗಾಳಿಯಲ್ಲಿ ತನ್ನ ಕೂವೆಯನ್ನೂ ಕಳೆದುಕೊಂಡಿದ್ದ ಸಹಸ್ಪರ್ಧಿ, ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್, ಮುರಿದ ದೋಣಿಯಲ್ಲೇ ಅವರತ್ತ ಹೊರಟಿದ್ದ. ಟಾಮಿ ಗುಣಮುಖರಾಗಿ 2023ರಲ್ಲಿ ಅದೇ ಪಂದ್ಯವನ್ನು ಎರಡನೆಯವರಾಗಿ ಮುಗಿಸಿದ್ದು ದೊಡ್ಡ ಸಾಧನೆ. ಆದರೆ ಮುರಿದ ದೋಣಿಯಲ್ಲಿ ಇನ್ನೊಬ್ಬನತ್ತ ತಿರುಗಿದ ಆ ಗಳಿಗೆ ಅದಕ್ಕಿಂತ ಸಣ್ಣದೆಂದು ಹೇಳಬಲ್ಲವರಾರು? ‘ಒಬ್ಬಂಟಿ’ ಪಯಣ ಎಂಬ ಮಾತೇ ಅರ್ಧಸತ್ಯ. ಶ್ರೀಶೈಲಕ್ಕೆ ನಡೆದವನ ಹಿಂದೆ ನೂರು ಊರುಗಳ ದಾಸೋಹವಿದೆ. ಬಡಿಸಿದ ಕೈ ನಡೆದ ಕಾಲಿಗಿಂತ ಕಡಿಮೆಯಲ್ಲ.

ಐದನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು, ಆಯ್ಕೆಯ ಪ್ರಶ್ನೆ. ಈವರೆಗೆ ನಾವು ಮಾತನಾಡಿದ ಪಯಣಿಗರಲ್ಲಿ ಹರಿಗೋಲಿನವನೊಬ್ಬನ ಹೊರತು ಉಳಿದವರೆಲ್ಲ ತಾವೇ ಬಯಸಿ ಹೊರಟವರು. ಬಯಸದೆ ಹೊರಡುವವರೂ ನಮ್ಮ ಸೀಮೆಯಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳ ಊರೂರುಗಳಿಂದ ಸಂಸಾರಗಳು ಮನೆಗೆ ಬೀಗ ಹಾಕಿ, ಪಾತ್ರೆ ಪಡಗ, ಕೌದಿ, ಕೋಳಿ, ಕೂಸುಗಳೊಡನೆ ಲಾರಿ, ಟೆಂಪೋ ಹತ್ತುತ್ತವೆ. ಗುಂಟೂರು ಸೀಮೆಯಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸಲು ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಇಲ್ಲವೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಇದಕ್ಕೆ ನಮ್ಮವರು ಇಟ್ಟ ಹೆಸರು ‘ಸುಗ್ಗಿಗೆ ಹೋಗುವುದು’. ಪರರ ಹೊಲದ ಸುಗ್ಗಿಗೆ ತನ್ನ ಮನೆಯನ್ನು ಬರಿದು ಮಾಡಿ ಹೋಗುವುದಕ್ಕೆ ಸುಗ್ಗಿ ಎಂಬ ಹೆಸರು ಇರುವುದು ಭಾಷೆಯ ಕ್ರೌರ್ಯವೋ ಕರುಣೆಯೋ ತಿಳಿಯದು. ಹೋದ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ.

ಹಾಗಾದರೆ ಅವರಿಗೂ ಹಾರ ಹಾಕೋಣವೇ? ಮೊದಲ ನೋಟಕ್ಕೆ ಇದು ನ್ಯಾಯವೆನಿಸುತ್ತದೆ. ವಿಹಾರಕ್ಕೆ ಕಡಲು ದಾಟಿದವನಿಗೆ ಪದಕ, ಹಸಿವಿಗೆ ಜಿಲ್ಲೆ ದಾಟಿದವಳಿಗೆ ಏನೂ ಇಲ್ಲವೆಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ನಾವು ಬಹಳ ಯೋಚಿಸಿದ ಮೇಲೆ ಬೇರೊಂದು ನಿಲುವಿಗೆ ಬಂದಿದ್ದೇವೆ. ಮನ್ನಣೆ ಬೇರೆ, ನ್ಯಾಯ ಬೇರೆ. ಬಯಸಿ ಹೊರಟವನಿಗೆ ಸಮಾಜ ಕೊಡಬಹುದಾದದ್ದು ಮನ್ನಣೆ; ಹೊರಡಲೇಬೇಕಾಗಿ ಬಂದವರಿಗೆ ಸಮಾಜ ಸಲ್ಲಿಸಬೇಕಾದದ್ದು ಋಣ. ಋಣ ತೀರಿಸಬೇಕಾದ ಕಡೆ ಶಾಲು ಹೊದಿಸಿದರೆ ಅದು ಗೌರವದ ವೇಷದಲ್ಲಿ ಬಂದ ಅನ್ಯಾಯವಾಗುತ್ತದೆ. ವಲಸೆಯನ್ನು ಸಾಹಸವೆಂದು ಹೊಗಳುವವನು, ಅದು ತಪ್ಪಬೇಕಾದ ಕಷ್ಟವೆಂಬುದನ್ನು ಮರೆಸುತ್ತಾನೆ. ಅವರಿಗೆ ಬೇಕಾದದ್ದು ವೇದಿಕೆಯಲ್ಲ. ಹೊಲಕ್ಕೆ ನೀರು, ಊರಿನಲ್ಲೇ ಕೂಲಿ, ಮಕ್ಕಳಿಗೆ ಉಳಿದು ಓದುವ ವಸತಿ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಒತ್ತಾಯದ ಪಯಣದಲ್ಲೂ ಜನರು ತಾವೇ ಆಯ್ದುಕೊಳ್ಳುವ ನಡತೆಯಿರುತ್ತದೆ. ಹೋದ ಕಡೆ ತಂಡದವರ ಕೂಲಿಯನ್ನು ಪೈಸೆ ತಪ್ಪದೆ ಹಂಚುವ ಮೇಸ್ತ್ರಿ, ನಾಲ್ಕು ಮನೆಯ ಮಕ್ಕಳನ್ನು ತನ್ನ ಬಳಿಯೇ ಇರಿಸಿಕೊಂಡು ಶಾಲೆಗೆ ಕಳಿಸುವ ಮುದುಕಿ, ಖಾಲಿಯಾದ ತರಗತಿಯಲ್ಲೂ ಉಳಿದ ಆರು ಮಕ್ಕಳಿಗೆ ಅದೇ ಶ್ರದ್ಧೆಯಿಂದ ಕನ್ನಡ ಕಲಿಸುವ ಮೇಷ್ಟ್ರು. ಇವರ ಕಷ್ಟಕ್ಕೆ ಹಾರ ಬೇಡ. ಕಷ್ಟದೊಳಗೆ ಇವರು ತೋರಿದ ಹೊಣೆಗೆ ಮನ್ನಣೆ ಸಲ್ಲಬೇಕು. ಸಾಗರದ ನಡುವೆ ಎಂಜಿನ್ನಿನ ಬಳಿ ಎಚ್ಚರವಿದ್ದವನಲ್ಲಿ ನಾವು ಮೆಚ್ಚಿದ್ದೂ ಇದೇ ಗುಣವನ್ನು. ಅಳತೆಗೋಲು ಒಂದೇ ಆದಾಗ ಶ್ರೀಮಂತನ ದೋಣಿಯೂ ಮುದುಕಿಯ ಗುಡಿಸಲೂ ಒಂದೇ ಪಂಕ್ತಿಯಲ್ಲಿ ನಿಲ್ಲಬಲ್ಲವು.

ಕಡೆಯದಾಗಿ, ಪಯಣವನ್ನೇ ಮಾಡದವರ ವಿಷಯ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಸೇರಿದವು. ನಮ್ಮ ಹಿರಿಯರು ಒಂದು ಹೆಜ್ಜೆಯನ್ನೂ ಇಡದೆ ಗಡಿಯಾಚೆಗೆ ಬಂದವರು. ಅವರು ಚಲಿಸಲಿಲ್ಲ, ಗಡಿ ಚಲಿಸಿತು. ಅಂದಿನಿಂದ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಚೇರಿಯ ಅರ್ಜಿಯಲ್ಲಿ ಮತ್ತೊಂದು ಎಂದು ಎರಡು ಮೂರು ಭಾಷೆಗಳ ನಡುವೆ ದಿನವೂ ದಾಟುತ್ತ ಬಂದಿದ್ದೇವೆ, ಆ ಹರಿಗೋಲಿನವನ ಹಾಗೆ. ನಮ್ಮದೂ ಕತೆಯಿಲ್ಲದ ಪಯಣವೇ. ಆದ್ದರಿಂದಲೇ ದೂರವನ್ನು ಮಾತ್ರ ನೋಡಿ ಮಣೆ ಹಾಕುವ ಅಭ್ಯಾಸ ನಮಗೆ ಸಲ್ಲದು.

ಕಡಲು ದಾಟಿದವರು ನಮ್ಮೂರಿಗೆ ಬಂದರೆ ಸಂತೋಷದಿಂದ ಬರಮಾಡಿಕೊಳ್ಳೋಣ. ಎಷ್ಟು ದೂರ ಹೋದಿರಿ ಎಂದು ಕೇಳುವ ಮೊದಲು, ರಾತ್ರಿ ಎಚ್ಚರವಿದ್ದವರು ಯಾರು, ನೆರವಾದವರು ಯಾರು, ದಾರಿಯಲ್ಲಿ ಯಾರ ಕಡೆಗೆ ತಿರುಗಿದಿರಿ ಎಂದು ಕೇಳೋಣ. ಬರುವ ವರ್ಷ ಪಟ್ಟಿ ಮಾಡಲು ಕೂತಾಗ ಇದೇ ಪ್ರಶ್ನೆಗಳನ್ನು ನಮ್ಮ ಊರಿನವರ ಬಗೆಗೂ ಕೇಳಿಕೊಳ್ಳೋಣ. ಉತ್ತರವಾಗಿ ಬರುವ ಹೆಸರುಗಳಲ್ಲಿ ಹಲವು ನಮಗೆ ತಿಳಿದವೇ ಆಗಿರುತ್ತವೆ, ಈವರೆಗೆ ಬರೆದಿಡಲಿಲ್ಲ ಅಷ್ಟೇ.